ನಡು ಬಿಗಿಯುವವರು ಯಾರು?

ಹೆಂಗಸರ ಒಳಉಡುಪಿನ ಮಾತು ಕಾರ್ಮಿಕರ ಪತ್ರಿಕೆಗೆ ಸಲ್ಲದೆಂದು ಮೂಗು ಮುರಿಯುವ ಮಹನೀಯರಿದ್ದಾರೆ. ಮುರಿಯಲಿ. ಆ ಉಡುಪನ್ನು ಹೊಲಿದ ಕೈಗಳ ಮಾತನ್ನು ನಾವಲ್ಲದೆ ಯಾರು ಆಡಬೇಕು?

ಹತ್ತೊಂಬತ್ತನೆಯ ಶತಮಾನದ ಯೂರೋಪು, ಅಮೆರಿಕಗಳಲ್ಲಿ ಹೆಣ್ಣಿನ ನಡು ಸಣ್ಣಗಿರಬೇಕೆಂಬುದೇ ಕಟ್ಟಳೆ. ತಿಮಿಂಗಿಲದ ಬಾಯಿಯ ಪಟ್ಟಿ, ಉಕ್ಕಿನ ಕಡ್ಡಿಗಳನ್ನು ಸೇರಿಸಿ ಹೊಲಿದ ಕಾರ್ಸೆಟ್ಟನ್ನು ಲಾಡಿ ಎಳೆದು ಬಿಗಿಯುತ್ತಿದ್ದರು. ತುಂಬ ಉಸಿರೆಳೆಯುವುದೂ ಕಷ್ಟ.

ಅಮೆರಿಕದ ಮಿಷಿಗನ್ ಸಂಸ್ಥಾನದ ಕಲಮಜೂ ಊರಿನ ಕಾರ್ಸೆಟ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು ಸುಮಾರು 800 ಮಂದಿ, ಬಹುಪಾಲು ಹೆಂಗಸರು. ಹೊಲಿಯುವ ದಾರದ ಬೆಲೆಯನ್ನೂ ಅವರೇ ತೆರಬೇಕು! ಮೇಸ್ತ್ರಿಗಳು ಮೈಮೇಲೆ ಬೀಳುವ ದೂರು ಬೇರೆ. 1912ರ ಮಾರ್ಚಿನಲ್ಲಿ ಮುಷ್ಕರ ಹೂಡಿದರು. ನ್ಯಾಯಾಲಯ ತಡೆಯಾಜ್ಞೆ ಹೊರಡಿಸಿತು; ಮೀರಿದವರು ಜೈಲು ಕಂಡರು. ಆದರೂ ಜೂನ್‌ವರೆಗೆ ಕದಲಲಿಲ್ಲ.

1920ರ ದಶಕದಲ್ಲಿ ನಡುವೂ ಬೇಡ, ಎದೆಯೂ ಬೇಡ, ಹುಡುಗನಂತೆ ಚಪ್ಪಟೆಯಾಗಿರಬೇಕೆಂದಾಯಿತು. ಅದಕ್ಕೊಂದು ಪಟ್ಟಿ ಮಾರಿದರು. 1947ರಲ್ಲಿ ಪ್ಯಾರಿಸಿನ ಕ್ರಿಶ್ಚಿಯನ್ ಡಿಯೋರ್ ಮತ್ತೆ ಸಣ್ಣ ನಡುವನ್ನು ತಂದ. ಲಂಗಕ್ಕೆ ಗಜಗಟ್ಟಲೆ ಬಟ್ಟೆ. ಇಂಗ್ಲೆಂಡಿನಲ್ಲಿ ಆಗಿನ್ನೂ ಬಟ್ಟೆಗೆ ರೇಷನ್! ಡಿಯೋರ್‌ಗೆ ಬಂಡವಾಳ ಹಾಕಿದವನು ಫ್ರಾನ್ಸಿನ ಹತ್ತಿ ಗಿರಣಿಗಳ ದೊರೆ ಮಾರ್ಸೆಲ್ ಬೂಸಾಕ್. ಗಿರಣಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕೆ?

ಈಗ ಅದೇ ಕಾರ್ಸೆಟ್ಟು ಎಳೆದರೆ ಹಿಗ್ಗುವ ಬಟ್ಟೆಯಲ್ಲಿ, 'ಶೇಪ್‌ವೇರ್' ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಿದೆ. ನಾಳೆ ನಮೂನೆ ಬದಲಾದರೆ ಹಳೆಯ ಮಾಲು ಉಳಿಯುವುದು ಕಂಪೆನಿಯ ಉಗ್ರಾಣದಲ್ಲಲ್ಲ, ನಮ್ಮ ಸಣ್ಣ ವ್ಯಾಪಾರಿಯ ಕಪಾಟಿನಲ್ಲಿ.