ಶುರು ಮಾಡಿದ ಔಷಧ ನಿಲ್ಲಿಸುವುದು ಯಾವಾಗ?

ಆಗಷ್ಟೇ ಹುಟ್ಟಿದ ಮಗು ತನಗೇನಾಗುತ್ತಿದೆ ಎಂದು ಹೇಳಲಾರದು. ಹಾಲು ಕುಡಿಯುತ್ತಿಲ್ಲ, ಮೈ ತಣ್ಣಗಾಗಿದೆ, ಉಸಿರಾಟ ಜೋರಾಗಿದೆ ಎಂದರೆ ವೈದ್ಯರು ಸೆಪ್ಸಿಸ್, ಅಂದರೆ ರಕ್ತದ ಸೋಂಕನ್ನು ಶಂಕಿಸುತ್ತಾರೆ. ಕಾದು ನೋಡಲು ಸಮಯವಿಲ್ಲ. ಕೂಡಲೇ ಆಂಟಿಬಯೊಟಿಕ್ ಶುರು. ಅದು ಸರಿಯೇ. ಸಮಸ್ಯೆ ಇರುವುದು ಅದನ್ನು ನಿಲ್ಲಿಸುವುದರಲ್ಲಿ.

ರಕ್ತದ ಕಲ್ಚರ್ ವರದಿಗೆ ಸುಮಾರು ಎರಡು ದಿನ ಕಾಯಬೇಕು. ವರದಿಯಲ್ಲಿ ಏನೂ ಕಾಣದಿದ್ದರೂ ಅನುಮಾನ ಪೂರ್ತಿ ಹೋಗದು. ‘ಇರಲಿ, ಇನ್ನೆರಡು ದಿನ ಕೊಡೋಣ’ ಎನ್ನುವುದೇ ಸುಲಭದ ದಾರಿ. ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್‌ನಂಥ ಬಯೊಮಾರ್ಕರ್ ಪರೀಕ್ಷೆಗಳು ನೆರವಾಗುವುದು ಇಲ್ಲಿಯೇ. ಸೋಂಕಿದ್ದರೆ ಇವುಗಳ ಪ್ರಮಾಣ ರಕ್ತದಲ್ಲಿ ಏರುತ್ತದೆ. ಮತ್ತೆ ಅಳೆದಾಗಲೂ ಏರಿರದಿದ್ದರೆ, ಮಗುವೂ ಚೆನ್ನಾಗಿದ್ದರೆ, ಔಷಧ ನಿಲ್ಲಿಸಲು ಆಧಾರ ಸಿಕ್ಕಂತೆ.

ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್, ಕೆನಡಾ, ಝೆಕ್ ಗಣರಾಜ್ಯದ 18 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1,710 ಶಿಶುಗಳ ಈ ಅಧ್ಯಯನದಲ್ಲಿ ಪ್ರೊಕ್ಯಾಲ್ಸಿಟೋನಿನ್ ನೋಡಿ ನಿರ್ಧರಿಸಿದಾಗ ಆಂಟಿಬಯೊಟಿಕ್ ಅವಧಿ 65 ಗಂಟೆಯಿಂದ 55 ಗಂಟೆಗೆ ಇಳಿಯಿತು. ಸೆಪ್ಸಿಸ್‌ನಿಂದ ಯಾವ ಶಿಶುವೂ ಸಾಯಲಿಲ್ಲ. ಆದರೆ ಆಸ್ಪತ್ರೆ ವಾಸ ಕಡಿಮೆಯಾದದ್ದು ಕೆಲವೇ ಗಂಟೆಗಳಷ್ಟು. ಮರುಸೋಂಕು ತೀರಾ ಅಪರೂಪವಾಗಿದ್ದರಿಂದ, ಸುರಕ್ಷತೆಯ ಬಗ್ಗೆ ಖಚಿತ ತೀರ್ಮಾನಕ್ಕೂ ಬರಲಾಗಲಿಲ್ಲ.

ಖರ್ಚಿನ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಆಂಪಿಸಿಲಿನ್, ಜೆಂಟಾಮೈಸಿನ್ ಹಳೆಯ, ಅಗ್ಗದ ಔಷಧಗಳು. ಅವುಗಳ ಒಂದೆರಡು ಡೋಸ್ ಉಳಿಸಿದರೆ ದುಬಾರಿ ಪರೀಕ್ಷೆಯ ಹಣ ಹುಟ್ಟುವುದಿಲ್ಲ. ನಿಜವಾದ ಉಳಿತಾಯ ಹಾಸಿಗೆಯ ದಿನಗಳಲ್ಲಿದೆ. ಪರೀಕ್ಷೆ ಮಾಡಿಸಿಯೂ ಔಷಧ ಮುಂದುವರಿಸಿದರೆ, ಅಥವಾ ಔಷಧ ನಿಲ್ಲಿಸಿದ ಮೇಲೂ ಸುಮ್ಮನೆ ಮಗುವನ್ನು ಉಳಿಸಿಕೊಂಡರೆ, ಬಿಲ್ಲಿಗೆ ಇನ್ನೊಂದು ಸಾಲು ಸೇರಿತು ಅಷ್ಟೆ.

ಸರ್ಕಾರಿ ಆಸ್ಪತ್ರೆಯಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ನವಜಾತ ಶಿಶುವಿಗೆ ಚಿಕಿತ್ಸೆ, ಪರೀಕ್ಷೆ, ಔಷಧ ಉಚಿತ. ಆದರೆ ವಾರ್ಡಿನ ಹೊರಗೆ ಕಾಯುವ ಅಪ್ಪನ ಕೂಲಿ, ಮನೆಯವರ ಊಟ, ಬಸ್ ಚಾರ್ಜು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಒಂದು ದಿನ ಮೊದಲೇ ಮನೆಗೆ ಹೋಗುವುದು ಅವರಿಗೆ ಸಣ್ಣ ಮಾತಲ್ಲ.

ಬಿಲ್ಲಿನಲ್ಲಿ ಕಾಣದ ಇನ್ನೊಂದು ಖರ್ಚೂ ಇದೆ. 2011ರಿಂದ 2014ರವರೆಗೆ ದೆಹಲಿಯ ಮೂರು ಆಸ್ಪತ್ರೆಗಳ ಶಿಶುಗಳಲ್ಲಿ ಸಿಕ್ಕ ಅಸಿನೆಟೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳಲ್ಲಿ ಶೇ 82ರಷ್ಟು ಹಲವು ಔಷಧಗಳಿಗೆ ಬಗ್ಗದವಾಗಿದ್ದವು. ಅನಗತ್ಯವಾಗಿ ಬಳಸಿದ ಪ್ರತಿ ಡೋಸ್ ಈ ನಿರೋಧಕತೆಗೆ ನೀರೆರೆಯುತ್ತದೆ. ಅದರ ಬೆಲೆ ತೆರುವುದು ನಾಳೆ ಹುಟ್ಟುವ ಮಗು.

ಹಾಗಾಗಿ ಬರೀ ಯಂತ್ರ ಖರೀದಿಸಿದರೆ ಸಾಲದು. ಔಷಧ ಶುರುವಾದ ದಿನವೇ ಕೇಸ್ ಶೀಟಿನಲ್ಲಿ ‘ಮರುಪರಿಶೀಲನೆ ಎಷ್ಟು ಹೊತ್ತಿಗೆ’ ಎಂದು ಬರೆಯುವ ನಿಯಮ ಬೇಕು. ಕಲ್ಚರ್ ಮತ್ತು ಅಗ್ಗದ ಸಿಆರ್‌ಪಿ ವರದಿ ತಪ್ಪದೆ ಹೊತ್ತಿಗೆ ಸಿಗಬೇಕು. ನಿರ್ಧಾರವನ್ನು ಬದಲಿಸಬಲ್ಲದು ಎನಿಸಿದಲ್ಲಿ ಮಾತ್ರ ದುಬಾರಿ ಪರೀಕ್ಷೆ ಸಾಕು. ಯುರೋಪಿನ ಅಂಕಿಗಳನ್ನು ನೆಚ್ಚಿಕೊಳ್ಳದೆ ನಮ್ಮ ಜಿಲ್ಲಾಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲೇ ಖರ್ಚು, ಸುರಕ್ಷತೆ ಎರಡನ್ನೂ ಅಳೆಯಬೇಕು.

ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ ಓದುತ್ತಿರುವ ಗೆಳೆಯರೇ, ನಾಳೆ ಆ ವಾರ್ಡಿನಲ್ಲಿ ಕೆಲಸ ಮಾಡುವವರು ನಾವೇ. ‘ಈ ಮಗುವಿಗೆ ಈ ಔಷಧ ಇನ್ನೂ ಬೇಕೇ?’ ಎಂದು ದಿನವೂ ಕೇಳುವುದಕ್ಕೆ ನಯಾಪೈಸೆ ಖರ್ಚಿಲ್ಲ.