ಅಪ್ಪಾ, ಮೀಟರ್ ಎಷ್ಟಾಯ್ತು?

ಆಯುಧಪೂಜೆಗೆ ಊರಿಗೆ ಹೋದ್ರೆ ಟ್ರ್ಯಾಕ್ಟರ್ ತೊಳೆಯೋ ಡ್ಯೂಟಿ ನಿಮ್ಮದೇ ಅಲ್ವಾ? ಬಾನೆಟ್ ಫಳಫಳ ಹೊಳೆಯುತ್ತೆ. ಬಾಳೆಕಂದು, ಚೆಂಡು ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಜೊತೆಗೊಂದು ಸೆಲ್ಫಿ. ಏರ್ ಕ್ಲೀನರ್ ಮಾತ್ರ ಯಾರೂ ಬಿಚ್ಚಿ ನೋಡಿರಲ್ಲ. ಇಂಜಿನ್ ಆಯಸ್ಸು ಬಹುಪಾಲು ನಿಂತಿರೋದೇ ಅಲ್ಲಿ.

ಬೇಸಿಗೆಯಲ್ಲಿ ಒಣ ನೆಲಕ್ಕೆ ರೋಟವೇಟರ್ ಹಾಕಿದಾಗ ಟ್ರ್ಯಾಕ್ಟರೇ ಕಾಣದಷ್ಟು ಧೂಳು ಏಳುತ್ತೆ. ಇಂಜಿನ್ ಉಸಿರಾಡೋದು ಅದೇ ಗಾಳೀನ. ಆ ಧೂಳು ಸಿಲಿಂಡರ್ ಒಳಗೆ ಹೋದ್ರೆ ಪಿಸ್ಟನ್ ರಿಂಗು, ಲೈನರ್ ಎರಡನ್ನೂ ಎಮರಿ ಪೇಪರ್ ಹಾಕಿ ಉಜ್ಜಿದ ಹಾಗೆ. ಆಮೇಲೆ ಆಯಿಲ್ ಕುಡಿಯೋಕೆ ಶುರು, ನೀಲಿ ಹೊಗೆ, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಹಟ. ಕೊನೆಗೆ ಇಂಜಿನ್ ಬಿಚ್ಚಬೇಕು. ಬಿತ್ತನೆ ಹೊತ್ತಲ್ಲೇ ಹೀಗಾದ್ರೆ ದುಡ್ಡಿನ ಜೊತೆ ಭೂಮಿಯ ಹದವೂ ಹೋಯ್ತು.

ಹಲವು ಟ್ರ್ಯಾಕ್ಟರ್‌ಗಳಲ್ಲಿ ಏರ್ ಕ್ಲೀನರ್ ಕೆಳಗೆ ಆಯಿಲ್ ಬಟ್ಟಲು ಇರುತ್ತೆ. ಒಳಗೆ ಬರೋ ಗಾಳಿ ಆಯಿಲ್‌ಗೆ ಬಡಿದು ಧೂಳನ್ನ ಅಲ್ಲೇ ಬಿಡುತ್ತೆ. ತಳದಲ್ಲಿ ಕೆಸರು ಕೂತಿದ್ರೆ ಚೆಲ್ಲಿ, ಡೀಸೆಲ್‌ನಲ್ಲಿ ತೊಳೆದು, ಗುರುತಿನ ಗೆರೆವರೆಗೆ ಮಾತ್ರ ಹೊಸ ಆಯಿಲ್ ಹಾಕಬೇಕು. ಇನ್ನೊಂಚೂರು ಇರಲಿ ಅಂತ ಜಾಸ್ತಿ ಹಾಕಿದ್ರೆ ಇಂಜಿನ್ ಅದನ್ನೂ ಎಳ್ಕೊಳ್ಳುತ್ತೆ. ಧೂಳಿನ ಸೀಸನ್ನಲ್ಲಿ ಇದನ್ನ ದಿನಾ ನೋಡ್ಬೇಕು. ಪೇಪರ್ ಫಿಲ್ಟರ್ ಆದ್ರೆ ಒಳಗಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೀಬೇಕು. ಕಲ್ಲಿಗೆ ಕುಟ್ಟೋದು ನಮ್ಮ ಕಡೆ ಎಲ್ಲರಿಗೂ ಇಷ್ಟ, ಫಿಲ್ಟರ್‌ಗೆ ಮಾತ್ರ ಅಲ್ಲ! ಹಾಗೇ ಕ್ಲೀನರ್‌ನಿಂದ ಇಂಜಿನ್‌ಗೆ ಹೋಗೋ ರಬ್ಬರ್ ಪೈಪ್ ಮೇಲೂ ಕೈಯಾಡಿಸಿ. ಅಲ್ಲೊಂದು ಬಿರುಕೋ ಸಡಿಲ ಕ್ಲಿಪ್ಪೋ ಇದ್ರೆ ಹೊಸ ಫಿಲ್ಟರ್ ಇದ್ದೂ ಉಪಯೋಗವಿಲ್ಲ.

ಒಕ್ಕಣೆ ಟೈಮಲ್ಲಿ ರೇಡಿಯೇಟರ್ ಮುಂದಿನ ಜಾಲರಿಗೆ ಹೊಟ್ಟು ಕಟ್ಟುತ್ತೆ, ಅದನ್ನ ತೆಗೀತಿರಬೇಕು. ಕಾದ ಇಂಜಿನ್‌ಗೆ ತಣ್ಣೀರು ಸುರಿದ್ರೆ ಹೆಡ್ ಬಿರುಕು ಬಿಡಬಹುದು. ಆರೋ ತನಕ ಕಾಯಿರಿ.

ಇನ್ನು ಇಂಜಿನ್ ಆಯಿಲ್. ಕಾರಿಗೆ ಕಿಲೋಮೀಟರ್ ಲೆಕ್ಕ, ಟ್ರ್ಯಾಕ್ಟರ್‌ಗೆ ಗಂಟೆ ಲೆಕ್ಕ. ಎಷ್ಟೋ ಮಾಡೆಲ್‌ಗಳಿಗೆ 250 ಗಂಟೆಗೊಮ್ಮೆ ಆಯಿಲ್ಲೂ ಫಿಲ್ಟರ್ರೂ ಬದಲಾಗಬೇಕು. ನಿಮ್ಮದರ ಲೆಕ್ಕ ಅದರ ಮ್ಯಾನ್ಯುಯಲ್‌ನಲ್ಲಿರುತ್ತೆ. ಬಣ್ಣ ನೋಡಿ ಹೇಳೋರನ್ನ ನಂಬಬೇಡಿ, ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಮಸಿಗೆ ಬೇಗ ಕಪ್ಪಾಗುತ್ತೆ.

ಟ್ರ್ಯಾಕ್ಟರ್ ಇಎಂಐ ಬೆಂಗಳೂರಿಂದ ಕಟ್ತಿರೋರು ನಿಮ್ಮಲ್ಲಿ ಸುಮಾರು ಜನ ಇದ್ದೀರಿ. ಭಾನುವಾರ ಫೋನ್ ಮಾಡಿದಾಗ ಊಟ, ಮಳೆ ಎಲ್ಲ ವಿಚಾರಿಸಿದ ಮೇಲೆ "ಅಪ್ಪಾ, ಮೀಟರ್ ಎಷ್ಟಾಯ್ತು? ಹೋದ ಸಲ ಆಯಿಲ್ ಹಾಕಿಸಿದ್ದು ಎಷ್ಟಕ್ಕೆ?" ಅಂತ ಕೇಳಿ. ಮೊದಲು ನಗ್ತಾರೆ, "ನಿಂಗ್ಯಾಕೋ ಅದೆಲ್ಲ" ಅಂತಾರೆ. ನಂಬರ್ ಬರ್ಕೊಳ್ಳಿ. ಮುಂದಿನ ಸಲ ಊರಿಗೆ ಹೋಗುವಾಗ ಸ್ವೀಟ್ ಬಾಕ್ಸ್ ಜೊತೆ ಒಂದು ಒರಿಜಿನಲ್ ಆಯಿಲ್ ಫಿಲ್ಟರ್, ಎರಡು ಹೋಸ್ ಕ್ಲಿಪ್ ಬ್ಯಾಗಲ್ಲಿರಲಿ.