ದುಡಿಯುವವರ ಪದವಿಗೆ ಅಳತೆಗೋಲು ಯಾವುದು?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ನಡುರಾತ್ರಿ ಮನೆ ಸೇರುವ ಫಿಟ್ಟರನೂ, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳೂ, ಕಾಲುವೆಗೆ ನೀರು ಬಂದೊಡನೆ ಮೋಕ, ಕುರುಗೋಡು, ಸಿರುಗುಪ್ಪಗಳ ಗದ್ದೆಗಿಳಿಯುವ ತರುಣನೂ ಪದವಿಯನ್ನು ಬಯಸಿದರೆ, ಅವರಿಗೆ ಕಾಲೇಜಿನ ಹಾಜರಿಯನ್ನು ವಿಧಿಸುವುದು ಬಾಗಿಲು ತೆರೆದಂತೆ ತೋರಿಸಿ ಅಗಳಿ ಹಾಕಿದಂತೆಯೇ ಸರಿ. ಆನ್‌ಲೈನ್ ಪದವಿ ಸಾಂಪ್ರದಾಯಿಕ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಸಾರಿದ ಮೇಲೂ "ಮೊಬೈಲಿನಲ್ಲಿ ಓದಿದ್ದೂ ಒಂದು ಡಿಗ್ರಿಯೇ?" ಎಂದು ಮೂಗುಮುರಿಯುವವರಿದ್ದಾರೆ. ಅವರ ಅನುಮಾನ ನಿರಾಧಾರವಲ್ಲ. ಅವರು ತೆಗೆಯುವ ನಿರ್ಣಯ ಮಾತ್ರ ತಪ್ಪು: ಪದವಿಯನ್ನು ಅಳೆಯಬೇಕಾದುದು ಓದಿದ ಸ್ಥಳದಿಂದಲ್ಲ, ಬಲ್ಲ ವಿದ್ಯೆಯಿಂದ.

ಮೋಟಾರಿಗೂ ಪಂಪಿಗೂ ನಡುವಿನ ಕಪ್ಲಿಂಗಿಗೆ ಡಯಲ್ ಗೇಜ್ ಕಟ್ಟಿ, ಮುಳ್ಳು ಎಷ್ಟು ಸರಿಯಿತೆಂಬುದನ್ನು ನೋಡಿ, ಮೋಟಾರಿನ ಪಾದದಡಿ ಎಷ್ಟು ದಪ್ಪದ ಶಿಮ್ ಇಡಬೇಕೆಂದು ನಿರ್ಧರಿಸಬಲ್ಲವನನ್ನು ಅದೇ ಪಾಠಕ್ಕಾಗಿ ಒಂದು ಸೆಮಿಸ್ಟರು ಕೂರಿಸುವುದು ಕಾಲಹರಣ. ಆದರೆ ಆ ದಪ್ಪವನ್ನು ಲೆಕ್ಕದಿಂದ ಕಂಡುಹಿಡಿದು ಕಾಗದದ ಮೇಲೆ ಸಾಧಿಸಲಾರದವನಿಗೆ ಗಣಿತವನ್ನು ಕಲಿಸದೆಯೇ ಪದವಿಯನ್ನು ದಯಪಾಲಿಸುವುದು ವಂಚನೆ. ಬಲ್ಲದ್ದನ್ನು ಪರೀಕ್ಷಿಸಿ ಒಪ್ಪಿಕೊಳ್ಳುವುದು, ಅರಿಯದುದನ್ನು ಕಲಿಸುವುದು, ಇವೆರಡೂ ಕೂಡಿದಾಗಲೇ ಸಾಮರ್ಥ್ಯಾಧಾರಿತ ಶಿಕ್ಷಣವೆಂಬುದಕ್ಕೆ ಅರ್ಥ. ಈ ಬಗೆಯ ಶಿಕ್ಷಣಕ್ಕೆಂದೇ ಅಮೆರಿಕದಲ್ಲಿ 1997ರಲ್ಲಿ ಸ್ಥಾಪಿತವಾದ ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾಲಯದಲ್ಲಿ ಕಲಿಸುವವರು ಬೇರೆ, ಉತ್ತರಗಳನ್ನು ತೂಗುವವರು ಬೇರೆ. ಅಲ್ಲಿಯೂ ಅಧ್ಯಾಪಕರ ಸಂಪರ್ಕ ಸಾಲದೆಂದು 2017ರಲ್ಲಿ ಸರ್ಕಾರಿ ಲೆಕ್ಕಪರಿಶೋಧಕರು ಆಕ್ಷೇಪಿಸಿ, ಎಪ್ಪತ್ತು ಕೋಟಿ ಡಾಲರಿಗೂ ಮೀರಿದ ಸರ್ಕಾರಿ ನೆರವನ್ನು ಹಿಂದಿರುಗಿಸಬೇಕೆಂದರು. 2019ರಲ್ಲಿ ಶಿಕ್ಷಣ ಇಲಾಖೆ ಆ ವಸೂಲಿಯನ್ನು ಕೈಬಿಟ್ಟಿತು.

ನಮ್ಮ ಅನುಭವ ಇನ್ನೂ ಕಹಿ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣವಾಗಿ ಮೊದಲಾಗಿ, 1996ರಲ್ಲಿ ಸ್ವತಂತ್ರವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ರಾಜ್ಯದ ಎಲ್ಲೆಯಾಚೆಗೂ ಖಾಸಗಿ ಸಂಸ್ಥೆಗಳೊಡನೆ ಕೋರ್ಸುಗಳನ್ನು ನಡೆಸಿದ ಕಾರಣ, 2013-14ರಿಂದಾಚೆಗೆ ಅದಕ್ಕೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಿಯಮವನ್ನು ಮೀರಿದುದು ಸಂಸ್ಥೆ. ದಂಡ ತೆತ್ತವರು ಫೀಸು ಕಟ್ಟಿ, ಪರೀಕ್ಷೆ ಬರೆದು, ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತ ವಿದ್ಯಾರ್ಥಿಗಳು.

ಈಗ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ದುಡಿಮೆಯ ಅನುಭವಕ್ಕೂ ಕ್ರೆಡಿಟ್ ನೀಡಲು ಅವಕಾಶವಿತ್ತಿದೆ. ಈ ಅವಕಾಶ ಪ್ರಮಾಣಪತ್ರಗಳ ವ್ಯಾಪಾರವಾಗಬಾರದೆಂದಿದ್ದರೆ, ಪಾಠ ಎಲ್ಲಿಂದಲಾದರೂ ಬರಲಿ, ಪರೀಕ್ಷೆ ಮಾತ್ರ ಪರೀಕ್ಷಕರ ಕಣ್ಣೆದುರು, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಂಥ ಸಾರ್ವಜನಿಕ ಸಂಸ್ಥೆಯಲ್ಲಿ, ಕನ್ನಡದಲ್ಲಿಯೂ ಉತ್ತರಿಸುವ ಹಕ್ಕಿನೊಡನೆ ನಡೆಯತಕ್ಕದ್ದು. ಫೀಸು ಪಡೆಯುವವರು ಅಂಕ ಹಾಕತಕ್ಕದ್ದಲ್ಲ. ಮಾನ್ಯತೆ ತಪ್ಪಿದರೆ ಅದಾಗಲೇ ಸೇರಿದವರ ವ್ಯಾಸಂಗವನ್ನು ಪೂರೈಸಿಕೊಡುವ ಹೊಣೆ ಸರ್ಕಾರದ್ದಾಗತಕ್ಕದ್ದು. ಈ ಮೂರು ಕಟ್ಟುಪಾಡುಗಳಿಗೆ ಒಳಪಡದ ಯಾವ ವಿಶ್ವವಿದ್ಯಾಲಯಕ್ಕೂ, ಅದರ ಜಾಹೀರಾತು ಎಷ್ಟೇ ಆಕರ್ಷಕವಾಗಿರಲಿ, ದುಡಿಯುವ ಜನ ತಮ್ಮ ಗಳಿಕೆಯ ಒಂದು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ.